ತಟ್ಟೆ ಯಾಕೆ ಹಾಗೇ ಉಳಿಯಿತು? ಆಟಿಸಂ ಮತ್ತು ಈಟಿಂಗ್ ಡಿಸಾರ್ಡರ್ ಸಂಶೋಧನೆ ನಿಜಕ್ಕೂ ಹೇಳುವುದೇನು

‘ಅನೊರೆಕ್ಸಿಯಾ ಇರುವ ಐವರಲ್ಲಿ ಒಬ್ಬರಿಗೆ ಆಟಿಸಂ.’ ‘ಚಿಕ್ಕಂದಿನಲ್ಲಿ ಆಟಿಸಂ ಲಕ್ಷಣ ಇದ್ದರೆ ಹದಿಹರೆಯದಲ್ಲಿ ಈಟಿಂಗ್ ಡಿಸಾರ್ಡರ್.’ ‘ಊಟ ಬಿಟ್ಟರೆ ಆಟಿಸಂ ಥರದ ವರ್ತನೆ ಬರುತ್ತದೆ.’ ಈ ಧಾಟಿಯ ಸುದ್ದಿಗಳು ಬೆಂಗಳೂರಿನ ಅಪ್ಪ-ಅಮ್ಮಂದಿರ ವಾಟ್ಸಾಪ್ ಗುಂಪುಗಳಲ್ಲಿ ಆಗಾಗ ಸುತ್ತುತ್ತವೆ. ಒಂದೊಂದನ್ನೇ ಓದಿದರೆ ಅರ್ಥವಾದ ಹಾಗೆ ಅನ್ನಿಸುತ್ತದೆ. ಮೂರನ್ನೂ ಒಟ್ಟಿಗೆ ಓದಿದರೆ ತಲೆ ಕೆಡುತ್ತದೆ. ಯಾವುದರಿಂದ ಯಾವುದು? ಮಗು ತರಕಾರಿ ಮುಟ್ಟದಿದ್ದರೆ ಆಟಿಸಂ ಅಂತ ಹೆದರಬೇಕಾ? ಆಟಿಸಂ ಇರುವ ಮಗು ದೊಡ್ಡದಾದ ಮೇಲೆ ಊಟವನ್ನೇ ಬಿಟ್ಟುಬಿಡುತ್ತದಾ?

2025ರ ಮಾರ್ಚ್‌ನಲ್ಲಿ ಕೇರಳದಲ್ಲಿ ಕಾಲೇಜು ವಯಸ್ಸಿನ ಹುಡುಗಿಯೊಬ್ಬಳು ತಿಂಗಳುಗಟ್ಟಲೆ ಸರಿಯಾಗಿ ತಿನ್ನದೆ ತೀರಿಕೊಂಡ ಸುದ್ದಿ ಬಂತು. ಅನೊರೆಕ್ಸಿಯಾ ಅನ್ನುವ ಪದವನ್ನು ನಮ್ಮಲ್ಲಿ ಬಹಳ ಮಂದಿ ಮೊದಲ ಸಲ ಕೇಳಿದ್ದು ಆಗಲೇ. ಹೆದರಿಕೆ ಸಹಜ. ಹೆದರಿಕೆಯ ಜೊತೆ ಅರ್ಧಂಬರ್ಧ ತಿಳಿವಳಿಕೆಯೂ ಸೇರಿದರೆ ಮಕ್ಕಳಿಗೇ ತೊಂದರೆ. ಹಾಗಾಗಿ ಸಂಶೋಧನೆ ಎಲ್ಲಿಂದ ಶುರುವಾಯಿತು, ಎಲ್ಲಿ ಒಮ್ಮತ ಇದೆ, ಎಲ್ಲಿ ಜಗಳ ಇದೆ ಅಂತ ನಿಧಾನವಾಗಿ ನೋಡೋಣ.

ಹೆಸರುಗಳನ್ನು ಬಿಡಿಸಿಕೊಳ್ಳೋಣ

ಈಟಿಂಗ್ ಡಿಸಾರ್ಡರ್ ಅನ್ನುವುದು ಒಂದೇ ಕಾಯಿಲೆ ಅಲ್ಲ. ಅನೊರೆಕ್ಸಿಯಾ ನರ್ವೋಸಾದಲ್ಲಿ ಮಗು ಊಟ ಕಡಿಮೆ ಮಾಡುತ್ತಾ ಹೋಗುತ್ತದೆ, ತೂಕ ಅಪಾಯದ ಮಟ್ಟಕ್ಕೆ ಇಳಿಯುತ್ತದೆ, ಆದರೂ ದಪ್ಪ ಆಗುತ್ತೇನೆ ಅನ್ನುವ ಭಯ ಬಿಡುವುದಿಲ್ಲ. ಬುಲಿಮಿಯಾದಲ್ಲಿ ಒಂದೇ ಸಲ ವಿಪರೀತ ತಿನ್ನುವುದು, ಆಮೇಲೆ ವಾಂತಿ ಮಾಡಿಯೋ ಉಪವಾಸ ಮಾಡಿಯೋ ಅದನ್ನು ‘ಸರಿ’ ಮಾಡಲು ನೋಡುವುದು.

ಮೂರನೆಯದು ಆರ್ಫಿಡ್. ಇಲ್ಲಿ ದಪ್ಪ ಆಗುವ ಭಯವೇ ಇಲ್ಲ. ವಾಸನೆ ತಡೆಯಲಾಗುವುದಿಲ್ಲ, ಬಾಯಲ್ಲಿ ಮೆತ್ತಗೆ ಸಿಕ್ಕರೆ ಉಬ್ಬಳಿಕೆ ಬರುತ್ತದೆ, ಹಿಂದೆ ಒಮ್ಮೆ ಗಂಟಲಲ್ಲಿ ಸಿಕ್ಕಿಕೊಂಡ ನೆನಪು ಕಾಡುತ್ತದೆ, ಇಲ್ಲವೇ ಊಟದಲ್ಲಿ ಆಸಕ್ತಿಯೇ ಇರುವುದಿಲ್ಲ. ತಿನ್ನುವ ಪದಾರ್ಥಗಳ ಪಟ್ಟಿ ಕಿರಿದಾಗುತ್ತಾ ಹೋಗಿ ಬೆಳವಣಿಗೆಗೇ ಏಟು ಬಿದ್ದರೆ ಅದು ಆರ್ಫಿಡ್. ಅಮೆರಿಕದ ಮನೋವೈದ್ಯರ ಕೈಪಿಡಿ ಡಿಎಸ್‌ಎಂ-5ರಲ್ಲಿ ಈ ಹೆಸರು ಸೇರಿದ್ದು 2013ರಲ್ಲಿ. ಅಲ್ಲಿಯವರೆಗೆ ಇಂಥ ಎಷ್ಟೋ ಮಕ್ಕಳಿಗೆ ಸರಿಯಾದ ಹೆಸರೇ ಇರಲಿಲ್ಲ.

ಆಟಿಸಂ ಕಾಯಿಲೆ ಅಲ್ಲ. ಮಿದುಳು ಬೆಳೆಯುವ ರೀತಿಯಲ್ಲೇ ಇರುವ ವ್ಯತ್ಯಾಸ, ಹುಟ್ಟಿನಿಂದಲೇ ಬರುವಂಥದ್ದು. ಜನರ ಜೊತೆ ಬೆರೆಯುವ ರೀತಿ ಬೇರೆ, ದಿನಚರಿ ತಪ್ಪಿದರೆ ಸಂಕಟ, ಕೆಲವು ವಿಷಯಗಳಲ್ಲಿ ಆಳವಾದ ಆಸಕ್ತಿ. ಸದ್ದು, ಬೆಳಕು, ವಾಸನೆ, ಸ್ಪರ್ಶಗಳನ್ನು ತೀರಾ ಜಾಸ್ತಿ ಅಥವಾ ತೀರಾ ಕಡಿಮೆ ಗ್ರಹಿಸುವುದನ್ನೂ ಆಟಿಸಂನ ಲಕ್ಷಣಗಳ ಪಟ್ಟಿಗೆ ಸೇರಿಸಿದ್ದು ಅದೇ 2013ರ ಡಿಎಸ್‌ಎಂ-5. ಊಟಕ್ಕೂ ಆಟಿಸಂಗೂ ಇರುವ ನಂಟು ವೈದ್ಯರ ಕಣ್ಣಿಗೆ ಸ್ಪಷ್ಟವಾಗಿ ಬಿದ್ದಿದ್ದು ಇಷ್ಟು ಈಚೆಗೆ.

ಪ್ರಶ್ನೆ ಹುಟ್ಟಿದ್ದು 1983ರಲ್ಲಿ

ಸ್ವೀಡನ್ನಿನ ಗೋಥೆನ್‌ಬರ್ಗ್ ನಗರದ ಮಕ್ಕಳ ಮನೋವೈದ್ಯ ಕ್ರಿಸ್ಟೋಫರ್ ಗಿಲ್‌ಬರ್ಗ್ 1983ರಲ್ಲಿ ಬ್ರಿಟಿಷ್ ವೈದ್ಯಕೀಯ ಪತ್ರಿಕೆಯೊಂದಕ್ಕೆ ಒಂದು ಸಣ್ಣ ಪತ್ರ ಬರೆದರು. ಆಟಿಸಂಗೂ ಅನೊರೆಕ್ಸಿಯಾಗೂ ಸಂಬಂಧ ಇದೆಯಾ ಅನ್ನುವುದು ಅವರ ಪ್ರಶ್ನೆ. ಆಗಿನ ಕಾಲಕ್ಕೆ ಅದು ವಿಚಿತ್ರ ಪ್ರಶ್ನೆ. ಆಟಿಸಂ ಅಂದರೆ ಮಾತಾಡದ ಪುಟ್ಟ ಹುಡುಗ, ಅನೊರೆಕ್ಸಿಯಾ ಅಂದರೆ ಓದಿನಲ್ಲಿ ಮುಂದಿರುವ ಹದಿಹರೆಯದ ಹುಡುಗಿ ಅಂತಲೇ ಎಲ್ಲರ ಮನಸ್ಸಿನಲ್ಲಿ ಕೂತಿತ್ತು. ಎರಡನ್ನೂ ಒಂದೇ ವಾಕ್ಯದಲ್ಲಿ ಯಾರೂ ಹೇಳುತ್ತಿರಲಿಲ್ಲ.

ಗಿಲ್‌ಬರ್ಗ್ ಮತ್ತು ಸಂಗಡಿಗರು ಪತ್ರಕ್ಕೆ ನಿಲ್ಲಲಿಲ್ಲ. ಹದಿಹರೆಯದಲ್ಲಿ ಅನೊರೆಕ್ಸಿಯಾ ಬಂದ 51 ಮಂದಿ, ಅದೇ ವಯಸ್ಸಿನ ಆರೋಗ್ಯವಂತರು 51 ಮಂದಿ, ಇಷ್ಟೂ ಜನರನ್ನು ಸುಮಾರು 30 ವರ್ಷ ಬಿಡದೆ ಹಿಂಬಾಲಿಸಿದರು. ಅನೊರೆಕ್ಸಿಯಾ ಗುಂಪಿನಲ್ಲಿ ಸುಮಾರು ಮೂರನೇ ಒಂದು ಪಾಲು ಮಂದಿ ಯಾವುದೋ ಒಂದು ಹಂತದ ತಪಾಸಣೆಯಲ್ಲಿ ಆಟಿಸಂನ ಲಕ್ಷಣಗಳಿಗೆ ಹೊಂದಿದರು. ಆದರೆ ಪ್ರತಿ ತಪಾಸಣೆಯಲ್ಲೂ ಬಿಡದೆ ಹೊಂದಿದವರು ಅದಕ್ಕಿಂತ ಬಹಳ ಕಡಿಮೆ.

ಈ ಕೊನೆಯ ವಾಕ್ಯವನ್ನು ಸ್ವಲ್ಪ ಹಿಡಿದಿಟ್ಟುಕೊಳ್ಳಿ. ಅದೇ ಜನ, ಅದೇ ವೈದ್ಯರ ತಂಡ. ಕೇಳಿದ ಸಮಯ ಬದಲಾದಾಗ ಉತ್ತರ ಬದಲಾಗಿದೆ. ಆಮೇಲಿನ ಎಲ್ಲ ಗೊಂದಲದ ಬೇರು ಇಲ್ಲೇ ಇದೆ ಅಂತ ನನಗನ್ನಿಸುತ್ತದೆ.

ಐವರಲ್ಲಿ ಒಬ್ಬರು ಅಂದರೆ ಯಾರಲ್ಲಿ ಒಬ್ಬರು?

2013ರಲ್ಲಿ ಆವರೆಗಿನ ಅಧ್ಯಯನಗಳನ್ನೆಲ್ಲ ಒಟ್ಟು ಹಾಕಿ ನೋಡಿದಾಗ, ಈಟಿಂಗ್ ಡಿಸಾರ್ಡರ್ ಇರುವವರಲ್ಲಿ ಸರಾಸರಿ 23 ಪರ್ಸೆಂಟ್‌ನಷ್ಟು ಮಂದಿಯಲ್ಲಿ ಆಟಿಸಂ ಕಾಣಿಸಿತ್ತು. ಆಮೇಲಿನ ಅಧ್ಯಯನಗಳಲ್ಲಿ ಅನೊರೆಕ್ಸಿಯಾ ಇರುವ ಹೆಂಗಸರ ಲೆಕ್ಕ ಸಾಮಾನ್ಯವಾಗಿ 20ರಿಂದ 30 ಪರ್ಸೆಂಟ್ ಆಸುಪಾಸಿನಲ್ಲಿ ಓಡಾಡುತ್ತದೆ. ಸುದ್ದಿಯ ‘ಐವರಲ್ಲಿ ಒಬ್ಬರು’ ಬಂದಿದ್ದು ಹೀಗೆ. ಜನರಲ್ಲಿ ಸಾಮಾನ್ಯವಾಗಿ ಆಟಿಸಂ ಇರುವುದು ನೂರಕ್ಕೆ ಒಬ್ಬರು ಅಥವಾ ಅದಕ್ಕಿಂತ ತುಸು ಜಾಸ್ತಿ. ಅದಕ್ಕೆ ಹೋಲಿಸಿದರೆ 20 ಅನ್ನುವುದು ನಿಜಕ್ಕೂ ದೊಡ್ಡ ಅಂಕಿ.

ಆದರೆ ಇದನ್ನು ತಿರುಗಿಸಿ ಓದಬಾರದು. ಮೆಜೆಸ್ಟಿಕ್‌ನಲ್ಲಿ ಬಸ್ಸಿಗೆ ಕಾಯುವ ಐವರಲ್ಲಿ ಒಬ್ಬರು ವಿದ್ಯಾರ್ಥಿ ಅಂದುಕೊಳ್ಳಿ. ಹಾಗಂತ ಬೆಂಗಳೂರಿನ ಪ್ರತಿ ಐದು ವಿದ್ಯಾರ್ಥಿಗಳಲ್ಲಿ ಒಬ್ಬರು ಈಗ ಮೆಜೆಸ್ಟಿಕ್‌ನಲ್ಲಿ ನಿಂತಿದ್ದಾರೆ ಅಂತ ಅಲ್ಲ, ಅಲ್ವಾ? ಹಾಗೆಯೇ, ಅನೊರೆಕ್ಸಿಯಾ ಇರುವ ಐವರಲ್ಲಿ ಒಬ್ಬರಿಗೆ ಆಟಿಸಂ ಇದ್ದರೆ ಆಟಿಸಂ ಇರುವ ಐದು ಮಕ್ಕಳಲ್ಲಿ ಒಬ್ಬರಿಗೆ ಅನೊರೆಕ್ಸಿಯಾ ಬರುತ್ತದೆ ಅಂತ ಅರ್ಥ ಅಲ್ಲ. ಆಟಿಸಂ ಇರುವ ಬಹುಪಾಲು ಮಕ್ಕಳಿಗೆ ಅನೊರೆಕ್ಸಿಯಾ ಬರುವುದೇ ಇಲ್ಲ. ಇನ್ನೊಂದು ವಿಷಯ: ಈ ಅಂಕಿಗಳು ಬಹುತೇಕ ಆಸ್ಪತ್ರೆ, ಕ್ಲಿನಿಕ್‌ಗಳಲ್ಲಿ ಸಿಕ್ಕ ಜನರ ಮೇಲೆ ನಿಂತಿವೆ. ಆಸ್ಪತ್ರೆಯವರೆಗೆ ಬರುವವರು ಹೆಚ್ಚು ಕಷ್ಟದಲ್ಲಿರುವವರೇ.

ಚಿಕ್ಕಂದಿನಲ್ಲಿ ಆಟಿಸಂ ಲಕ್ಷಣ ಇದ್ದರೆ ಹದಿಹರೆಯದಲ್ಲಿ ಈಟಿಂಗ್ ಡಿಸಾರ್ಡರ್ ಅನ್ನುವ ಎರಡನೇ ಸುದ್ದಿಯ ಹಿಂದೆ ಬೇರೊಂದು ಅಧ್ಯಯನ ಇದೆ. ಇಂಗ್ಲೆಂಡಿನ ಬ್ರಿಸ್ಟಲ್ ಸುತ್ತಮುತ್ತ 1990ರ ದಶಕದ ಆರಂಭದಲ್ಲಿ ಹುಟ್ಟಿದ ಸಾವಿರಾರು ಮಕ್ಕಳನ್ನು ಹೊಟ್ಟೆಯಲ್ಲಿದ್ದಾಗಿನಿಂದ ಹಿಂಬಾಲಿಸುತ್ತಿರುವ ದೊಡ್ಡ ಯೋಜನೆ ಅದು. ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನ ಫ್ರಾನ್ಸೆಸ್ಕಾ ಸೋಲ್ಮಿ ತಂಡ ಅದರಿಂದ 5,381 ಮಕ್ಕಳ ಮಾಹಿತಿ ತೆಗೆದುಕೊಂಡಿತು. ಮಗುವಿಗೆ ಬೇರೆಯವರ ಭಾವನೆ ಅರ್ಥ ಆಗುತ್ತದಾ, ಜನರ ಜೊತೆ ಹೇಗಿರುತ್ತದೆ ಅಂತ ತಾಯಂದಿರು 7ನೇ ವಯಸ್ಸಿನಲ್ಲೇ ತುಂಬಿದ್ದ ಫಾರಂಗಳಿದ್ದವು. ಅದೇ ಮಕ್ಕಳು 14ನೇ ವಯಸ್ಸಿನಲ್ಲಿ ಉಪವಾಸ, ವಾಂತಿ ಮಾಡಿಕೊಳ್ಳುವುದು, ವಿಪರೀತ ತಿನ್ನುವುದು ಇತ್ಯಾದಿಗಳ ಬಗ್ಗೆ ಕೊಟ್ಟ ಉತ್ತರಗಳಿದ್ದವು. 7ರಲ್ಲಿ ಲಕ್ಷಣ ಜಾಸ್ತಿ ಇದ್ದವರಲ್ಲಿ 14ರಲ್ಲಿ ಇಂಥ ತೊಂದರೆ ಇರುವ ಸಂಭವ 24 ಪರ್ಸೆಂಟ್ ಜಾಸ್ತಿ ಕಂಡಿತು. 2020ರಲ್ಲಿ ಇದು ಪ್ರಕಟವಾಯಿತು.

24 ಪರ್ಸೆಂಟ್ ಜಾಸ್ತಿ ಅಂದರೆ ನೂರಕ್ಕೆ 24 ಮಕ್ಕಳಿಗೆ ಅಂತ ಅಲ್ಲ. ಲೆಕ್ಕಕ್ಕೆ ಹೀಗೆ ಇಟ್ಟುಕೊಳ್ಳಿ: ಬೇರೆ ನೂರು ಮಕ್ಕಳಲ್ಲಿ 10 ಮಂದಿಗೆ ತೊಂದರೆ ಬಂದರೆ ಈ ನೂರರಲ್ಲಿ 12 ಅಥವಾ 13 ಮಂದಿಗೆ ಬರಬಹುದು. ಅಧ್ಯಯನದ ತೂಕ ಇರುವುದು ಇನ್ನೊಂದು ಕಡೆ. ಆಟಿಸಂ ಲಕ್ಷಣ ಮೊದಲು ಬಂತು, ಊಟದ ತೊಂದರೆ ಆಮೇಲೆ ಬಂತು. 14ರಲ್ಲಿ ಊಟದ ತೊಂದರೆ ಶುರುವಾದ ಕಾರಣಕ್ಕೆ ಆಟಿಸಂ ಲಕ್ಷಣ ಹೆಚ್ಚಿದ ಹಾಗೆ ಕಾಣಲಿಲ್ಲ.

ಹಸಿವೇ ಮನಸ್ಸನ್ನು ಬದಲಿಸುತ್ತದೆ ಅನ್ನುವ ವಾದ

ಇದಕ್ಕೆ ಎದುರು ವಾದವೂ ಗಟ್ಟಿಯಾಗಿದೆ. ಅದರ ಸಾಕ್ಷಿ ಎರಡನೇ ಮಹಾಯುದ್ಧದ ಕಾಲದ್ದು. 1944-45ರಲ್ಲಿ ಅಮೆರಿಕದ ಮಿನ್ನೆಸೋಟ ವಿಶ್ವವಿದ್ಯಾಲಯದಲ್ಲಿ ಆನ್ಸೆಲ್ ಕೀಸ್ ಅನ್ನುವ ವಿಜ್ಞಾನಿ 36 ಆರೋಗ್ಯವಂತ ಗಂಡಸರಿಗೆ ಆರು ತಿಂಗಳು ಅರೆಹೊಟ್ಟೆ ಊಟ ಕೊಟ್ಟರು. ಯುದ್ಧದಲ್ಲಿ ಹಸಿದ ಜನರಿಗೆ ಆಮೇಲೆ ಹೇಗೆ ಊಟ ಕೊಡಬೇಕು ಅಂತ ತಿಳಿಯುವುದು ಉದ್ದೇಶ. ಇವರೆಲ್ಲ ಯುದ್ಧಕ್ಕೆ ಹೋಗುವುದಿಲ್ಲ ಅಂತ ನಿರಾಕರಿಸಿ, ಬದಲಿಗೆ ಇದಕ್ಕೆ ತಾವಾಗಿ ಒಪ್ಪಿಕೊಂಡು ಬಂದವರು.

ಕೆಲವೇ ವಾರಗಳಲ್ಲಿ ಅವರು ಬದಲಾದರು. ಗೆಳೆಯರಿಂದ ದೂರ ಸರಿದರು. ನಗು ಕಡಿಮೆಯಾಯಿತು. ಊಟವನ್ನು ಚೂರು ಚೂರು ಮಾಡಿ ಗಂಟೆಗಟ್ಟಲೆ ತಿನ್ನತೊಡಗಿದರು. ಅಡುಗೆ ಪುಸ್ತಕ ಕೂಡಿಡತೊಡಗಿದರು. ತಮ್ಮದೇ ಕ್ರಮ ತಪ್ಪಿದರೆ ಸಿಡುಕುತ್ತಿದ್ದರು. ಅವರಿಗೆ ಆಟಿಸಂ ಇರಲಿಲ್ಲ, ಇದ್ದದ್ದು ಹಸಿವು. ಈಗ ಯೋಚಿಸಿ. ತೂಕ ತೀರಾ ಇಳಿದು ಆಸ್ಪತ್ರೆಯಲ್ಲಿ ಮಲಗಿರುವ ಹುಡುಗಿಯ ಮುಂದೆ ಕೂತು, ಕಣ್ಣಲ್ಲಿ ಕಣ್ಣಿಟ್ಟು ಮಾತಾಡುತ್ತಾಳಾ, ಮುಖದಲ್ಲಿ ಭಾವನೆ ಕಾಣುತ್ತದಾ, ಗೆಳತಿಯರಿದ್ದಾರಾ ಅಂತ ಅಂಕ ಹಾಕಿದರೆ ಅಳೆಯುತ್ತಿರುವುದು ಆಟಿಸಂ ಅನ್ನೇ ಅಥವಾ ಹಸಿವನ್ನೇ?

2018ರಲ್ಲಿ ಲಂಡನ್ನಿನ ಕೇಟ್ ಚಾಂಟುರಿಯಾ ತಂಡ ಇದನ್ನೇ ಪರೀಕ್ಷಿಸಿತು. ಅನೊರೆಕ್ಸಿಯಾ ಇರುವ 40 ಹದಿಹರೆಯದ ಹುಡುಗಿಯರು. ಎದುರು ಕೂರಿಸಿ ಗಮನಿಸುವ ಪರೀಕ್ಷೆಯಲ್ಲಿ ಅರ್ಧಕ್ಕೂ ಜಾಸ್ತಿ ಹುಡುಗಿಯರು ಆಟಿಸಂನ ಗೆರೆ ದಾಟಿದರು. ಆಮೇಲೆ ಅಪ್ಪ-ಅಮ್ಮನನ್ನು ಕೂರಿಸಿ, ಮಗು ಎರಡು ಮೂರು ವರ್ಷದಲ್ಲಿ ಹೇಗಿತ್ತು, ಶಾಲೆಗೆ ಸೇರಿದಾಗ ಹೇಗಿತ್ತು ಅಂತ ವಿವರವಾಗಿ ಕೇಳಿದರು. ಎರಡೂ ಕಡೆ ಹೊಂದಿದವರು ಬೆರಳೆಣಿಕೆಯಷ್ಟೇ ಉಳಿದರು.

ಹಾಗಾದರೆ ಎಲ್ಲ ಹಸಿವಿನದೇ ಆಟವಾ? ಅದೂ ಅಲ್ಲ. ತೂಕ ಸರಿಹೋಗಿ ವರ್ಷಗಳಾದವರಲ್ಲೂ ಆಟಿಸಂ ಲಕ್ಷಣಗಳು ಉಳಿದೇ ಇರುವುದನ್ನು ಬೇರೆ ಅಧ್ಯಯನಗಳು ತೋರಿಸಿವೆ. ಹೆಣ್ಣುಮಕ್ಕಳ ಬಾಲ್ಯದ ಲಕ್ಷಣಗಳನ್ನು ಅಪ್ಪ-ಅಮ್ಮ ‘ನಾಚಿಕೆ ಸ್ವಭಾವ’ ಅಂತ ಮರೆತಿರುವುದೂ ಉಂಟು. ಸಮಾಧಾನವಾಗಿ ನೋಡಿದರೆ ಎರಡೂ ಪಕ್ಷ ಅರ್ಧರ್ಧ ಸರಿ. ಕೆಲವರಲ್ಲಿ ಆಟಿಸಂ ಮೊದಲಿಂದಲೂ ಇತ್ತು. ಕೆಲವರಲ್ಲಿ ಹಸಿವು ಅದರ ವೇಷ ಹಾಕಿಕೊಂಡು ಬಂತು. ಕೆಲವರಲ್ಲಿ ಇದ್ದ ಲಕ್ಷಣವನ್ನೇ ಹಸಿವು ದೊಡ್ಡದು ಮಾಡಿತು. ಎದುರಿಗಿರುವ ಮಗು ಯಾವ ಗುಂಪಿನದು ಅನ್ನುವುದೇ ಕೆಲಸಕ್ಕೆ ಬರುವ ಪ್ರಶ್ನೆ.

ವಂಶವಾಹಿಯ ವಾದವೂ ಒಂದಿದೆ. ಡೆನ್ಮಾರ್ಕಿನ ಇಡೀ ದೇಶದ ದಾಖಲೆ ಹಿಡಿದು 2015ರಲ್ಲಿ ಲೆಕ್ಕ ಹಾಕಿದಾಗ, ಅನೊರೆಕ್ಸಿಯಾ ಇರುವವರಲ್ಲೂ ಅವರ ರಕ್ತಸಂಬಂಧಿಗಳಲ್ಲೂ ಆಟಿಸಂ ಜಾಸ್ತಿಯೇ ಕಂಡಿತು. ಆದರೆ ಖಿನ್ನತೆಯಂಥ ಬೇರೆ ತೊಂದರೆಗಳೂ ಆ ಕುಟುಂಬಗಳಲ್ಲಿ ಅಷ್ಟೇ ಜಾಸ್ತಿ ಇದ್ದವು. ಅಂದರೆ ಆಟಿಸಂಗೆ ಮಾತ್ರ ವಿಶೇಷ ನಂಟಿದೆ ಅಂತ ಇದರಿಂದ ಹೇಳಲಾಗುವುದಿಲ್ಲ.

ಒಂದು ಟಿಫಿನ್ ಡಬ್ಬಿ, ಎರಡು ಕಾರಣ

ಸಂಜೆ ಶಾಲೆಯಿಂದ ಬಂದ ಡಬ್ಬಿ ತೆರೆದರೆ ಚಿತ್ರಾನ್ನ ಹಾಗೇ ಇದೆ. ಇದು ಯಾವ ಮನೆಯಲ್ಲೂ ಆಗುವಂಥದ್ದೇ. ಕಾರಣ ಮಾತ್ರ ಒಂದೇ ಅಲ್ಲ.

ಒಂದು ಮಗುವಿಗೆ ಅನ್ನದ ಮೆತ್ತನೆಯ ನಡುವೆ ಕಡಲೆಬೀಜ ಕಟುಕು ಅನ್ನುವುದೇ ಸಂಕಟ. ಕರಿಬೇವಿನ ಎಲೆ ನಾಲಿಗೆಗೆ ಅಂಟಿದರೆ ಕಾಗದ ಬಾಯಿಗೆ ಹಾಕಿಕೊಂಡ ಹಾಗೆ. ನಿನ್ನೆಯ ಅನ್ನ ಉದುರುದುರು, ಇವತ್ತಿನದು ಸ್ವಲ್ಪ ಮುದ್ದೆ. ನಮಗೆ ಎರಡೂ ಚಿತ್ರಾನ್ನ, ಆ ಮಗುವಿಗೆ ಎರಡು ಬೇರೆ ತಿಂಡಿ. ಪಕ್ಕದವನ ಡಬ್ಬಿಯಿಂದ ಬೇಯಿಸಿದ ಮೊಟ್ಟೆಯ ವಾಸನೆ, ಊಟದ ಹಾಲ್‌ನಲ್ಲಿ ಮುನ್ನೂರು ಮಕ್ಕಳ ಗಲಾಟೆ, ಸ್ಟೀಲ್ ತಟ್ಟೆಗಳ ಸದ್ದು. ಇಷ್ಟರ ನಡುವೆ ಬಾಯಿ ತೆರೆಯುವುದೇ ಆಗುವುದಿಲ್ಲ. ಇದೇ ಮಗು ಒಂದೇ ಕಂಪನಿಯ ಬಿಸ್ಕತ್ತನ್ನು ದಿನವೂ ತಿನ್ನುತ್ತದೆ, ಯಾಕೆಂದರೆ ಪ್ರತಿ ಬಿಸ್ಕತ್ತೂ ಒಂದೇ ಥರ ಇರುತ್ತದೆ. ಅದರಲ್ಲಿ ಮೋಸ ಇಲ್ಲ.

ಇನ್ನೊಂದು ಮಗುವಿಗೆ ಹೋದ ವರ್ಷದವರೆಗೂ ಚಿತ್ರಾನ್ನ ಅಂದರೆ ಪ್ರಾಣ. ಫೋನಿನಲ್ಲಿ ಕ್ಯಾಲೊರಿ ಲೆಕ್ಕದ ಆ್ಯಪ್ ಬಂದ ಮೇಲೆ ಎಣ್ಣೆ ಬೇಡ ಅಂದಳು. ಆಮೇಲೆ ಅನ್ನ ಬೇಡ ಅಂದಳು. ಈಗ ಡಬ್ಬಿ ಪೂರ್ತಿ ವಾಪಸ್ ಬರುತ್ತಿದೆ.

ಮೂರನೆಯ ದಾರಿಯೂ ಇದೆ, ಅದೇ ಹೆಚ್ಚು ಕಷ್ಟದ್ದು. ಆಟಿಸಂ ಇರುವ ಹುಡುಗಿ. ಹತ್ತನೇ ಕ್ಲಾಸಿನವರೆಗೆ ಹಾಸನದಲ್ಲೋ ಶಿವಮೊಗ್ಗದಲ್ಲೋ ಮನೆ ಊಟ, ಅದೇ ತಟ್ಟೆ, ಅದೇ ಹೊತ್ತು. ಪಿಯುಸಿಗೆ ಬೆಂಗಳೂರಿನ ಹಾಸ್ಟೆಲ್. ಮೆಸ್ಸಿನ ಸಾಂಬಾರು ದಿನಕ್ಕೊಂದು ರುಚಿ. ಗುಂಪು ಗುಂಪಾಗಿ ಕೂರುವ ಹುಡುಗಿಯರ ಜೊತೆ ಮಾತು ಹೇಗೆ ಶುರು ಮಾಡಬೇಕೋ ಗೊತ್ತಿಲ್ಲ. ಮೈ ಬೆಳೆಯುತ್ತಿದೆ, ಆ ಬದಲಾವಣೆಯೇ ಹಿಂಸೆ. ಎಲ್ಲವೂ ಕೈ ತಪ್ಪುತ್ತಿರುವಾಗ ಅಂಕಿಗಳು ಮಾತ್ರ ಹೇಳಿದ ಹಾಗೆ ಕೇಳುತ್ತವೆ: ತೂಕ, ಹೆಜ್ಜೆ, ಕ್ಯಾಲೊರಿ. ಊಟ ಬಿಟ್ಟರೆ ಒಳಗಿನ ಗದ್ದಲವೂ ತಣ್ಣಗಾದ ಹಾಗೆ. ಆಟಿಸಂ ಇದ್ದು ಅನೊರೆಕ್ಸಿಯಾ ಅನುಭವಿಸಿದ ಹೆಂಗಸರನ್ನೇ ಮಾತಾಡಿಸಿ ಬ್ರಿಟನ್ನಿನಲ್ಲಿ 2020ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಬಂದ ಕಾರಣಗಳೂ ಇವೇ: ಇಂದ್ರಿಯಗಳ ಹಿಂಸೆ, ಜನರ ಜೊತೆ ಬೆರೆಯುವ ಕಷ್ಟ, ಭಾವನೆಗಳ ಗೊಂದಲ, ಎಲ್ಲವನ್ನೂ ಹಿಡಿತದಲ್ಲಿ ಇಟ್ಟುಕೊಳ್ಳುವ ಅಗತ್ಯ. ದೇಹ ತೆಳ್ಳಗಿರಬೇಕು ಅನ್ನುವ ಆಸೆ ಹಲವರಿಗೆ ಮುಖ್ಯವೇ ಆಗಿರಲಿಲ್ಲ.

‘ಹಸಿದರೆ ತಾನೇ ತಿಂತಾಳೆ’

ನಮ್ಮ ಮನೆಗಳಲ್ಲಿ ಹಿರಿಯರು ಹೇಳುವ ಮಾತು ಇದು. ಹೆಚ್ಚಿನ ಮಕ್ಕಳ ವಿಷಯದಲ್ಲಿ ನಿಜವೂ ಹೌದು. ಎರಡು ದಿನ ಮುಖ ತಿರುಗಿಸಿದ ಮಗು ಮೂರನೇ ದಿನ ತಾನೇ ಬಂದು ದೋಸೆ ಕೇಳುತ್ತದೆ.

ಆದರೆ ಈ ಮಾತು ಒಂದು ನಂಬಿಕೆಯ ಮೇಲೆ ನಿಂತಿದೆ: ಹಸಿವಾದರೆ ಹಸಿವಾಯಿತು ಅಂತ ಮಗುವಿಗೆ ಗೊತ್ತಾಗುತ್ತದೆ. ಆಟಿಸಂ ಇರುವ ಹಲವರಿಗೆ ದೇಹದ ಒಳಗಿನ ಸೂಚನೆಗಳು ಸ್ಪಷ್ಟವಾಗಿ ತಲುಪುವುದಿಲ್ಲ. ಹೊಟ್ಟೆಯ ಸಂಕಟ ಹಸಿವೋ, ಹೆದರಿಕೆಯೋ, ಬಾತ್‌ರೂಮಿಗೆ ಹೋಗಬೇಕಾದ ಸೂಚನೆಯೋ ಬೇರೆ ಮಾಡಲಾಗುವುದಿಲ್ಲ. ಅಂಥ ಮಗುವನ್ನು ‘ತಾನೇ ತಿಂತಾಳೆ’ ಅಂತ ಬಿಟ್ಟರೆ ತಿನ್ನದೇ ಇರಬಹುದು. ಬರೀ ಬಿಳಿ ಅನ್ನ, ಬ್ರೆಡ್, ಚಿಪ್ಸ್‌ನಲ್ಲೇ ವರ್ಷಗಳನ್ನು ಕಳೆದ ಆಟಿಸಂ ಮಕ್ಕಳಿಗೆ ವಿಟಮಿನ್ ಸಿ ಕೊರತೆಯ ಸ್ಕರ್ವಿ ಬಂದ ಪ್ರಕರಣಗಳು ವೈದ್ಯಕೀಯ ಪತ್ರಿಕೆಗಳಲ್ಲಿ ದಾಖಲಾಗಿವೆ. ತೂಕ ಸರಿಯಾಗೇ ಇರುತ್ತದೆ, ಒಳಗೆ ದೇಹ ಸೋಲುತ್ತಿರುತ್ತದೆ.

ಇದರ ಅರ್ಥ ಬದನೆಕಾಯಿ ಬೇಡ ಅನ್ನುವ ಮಗುವಿಗೆಲ್ಲ ಆಟಿಸಂ ಇದೆ ಅಂತ ಖಂಡಿತ ಅಲ್ಲ. ಅಮೆರಿಕದಲ್ಲಿ 2,000ಕ್ಕೂ ಹೆಚ್ಚು ಮಕ್ಕಳ ತಂದೆತಾಯಿಯರ ಮಾಹಿತಿ ಸೇರಿಸಿ 2019ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಆಟಿಸಂ ಇರುವ ಮಕ್ಕಳಲ್ಲಿ ಸುಮಾರು 70 ಪರ್ಸೆಂಟ್‌ಗೆ ಊಟದಲ್ಲಿ ವಿಚಿತ್ರ ಕಟ್ಟುಪಾಡುಗಳಿದ್ದವು. ಬೇರೆ ಮಕ್ಕಳಲ್ಲಿ ಅದು ಸುಮಾರು 5 ಪರ್ಸೆಂಟ್. ಅಲ್ಲಿ ಎಣಿಸಿದ್ದು ಒಂದೆರಡು ತರಕಾರಿ ಬೇಡ ಅನ್ನುವುದನ್ನಲ್ಲ. ಬೆರಳೆಣಿಕೆಯ ಪದಾರ್ಥ ಮಾತ್ರ ತಿನ್ನುವುದು, ಬ್ರ್ಯಾಂಡ್ ಬದಲಾದರೆ ಮುಟ್ಟದಿರುವುದು, ತುತ್ತನ್ನು ನುಂಗದೆ ಬಾಯಲ್ಲೇ ಇಟ್ಟುಕೊಳ್ಳುವುದು, ಇಂಥವು.

ಹುಡುಗಿಯರು ಯಾಕೆ ತಪ್ಪಿಹೋಗುತ್ತಾರೆ

ಆಟಿಸಂ ಪತ್ತೆಯಾಗುವುದು ಹೆಚ್ಚಾಗಿ ಗಂಡುಮಕ್ಕಳಲ್ಲಿ. ಹಿಂದೆ ನಾಲ್ಕು ಹುಡುಗರಿಗೆ ಒಬ್ಬ ಹುಡುಗಿ ಅನ್ನುತ್ತಿದ್ದರು. 2017ರ ಒಟ್ಟು ಲೆಕ್ಕದಲ್ಲಿ ಅದು ಮೂರಕ್ಕೆ ಒಂದರ ಹತ್ತಿರ ಬಂತು. ಹುಡುಗಿಯರಲ್ಲಿ ಹಲವರು ಬೇರೆಯವರನ್ನು ನೋಡಿ ಹಾಗೇ ಅಭಿನಯಿಸಲು ಕಲಿಯುತ್ತಾರೆ. ಎಲ್ಲರೂ ನಕ್ಕಾಗ ನಗುತ್ತಾರೆ. ಕಣ್ಣು ನೋಡಿ ಮಾತಾಡುವುದನ್ನು ಅಭ್ಯಾಸ ಮಾಡಿಕೊಳ್ಳುತ್ತಾರೆ. ಮನೆಗೆ ಬಂದು ಬಾಗಿಲು ಹಾಕಿಕೊಂಡು ಸುಸ್ತಾಗಿ ಬೀಳುತ್ತಾರೆ. ‘ತುಂಬಾ ಒಳ್ಳೆ ಹುಡುಗಿ, ಸುಮ್ನೆ ತನ್ನ ಪಾಡಿಗೆ ತಾನು ಇರ್ತಾಳೆ’ ಅನ್ನುವ ಹೊಗಳಿಕೆಯಲ್ಲಿ ಆಟಿಸಂ ಮುಚ್ಚಿಹೋಗುತ್ತದೆ. ಹದಿನಾಲ್ಕು ಹದಿನೈದಕ್ಕೆ ತೂಕ ಇಳಿದಾಗ ಮೊದಲ ಸಲ ಮನೋವೈದ್ಯರ ಮುಂದೆ ಬರುತ್ತಾಳೆ, ಅದೂ ಬೇರೆ ಹೆಸರಿನಲ್ಲಿ. ಹುಡುಗರದು ಇದಕ್ಕೆ ಉಲ್ಟಾ. ಅವರ ಆಟಿಸಂ ಬೇಗ ಕಾಣುತ್ತದೆ, ಈಟಿಂಗ್ ಡಿಸಾರ್ಡರ್ ಬಂದರೆ ಯಾರೂ ಹಾಗೆ ಯೋಚಿಸುವುದಿಲ್ಲ.

ಕಾರಣ ತಪ್ಪಾದರೆ ಚಿಕಿತ್ಸೆಯೂ ತಪ್ಪುತ್ತದೆ

ಅನೊರೆಕ್ಸಿಯಾ ಚಿಕಿತ್ಸೆಯಲ್ಲಿ ಸಾಮಾನ್ಯವಾಗಿ ಎಲ್ಲರ ಜೊತೆ ಕೂತು ಊಟ ಮಾಡಿಸುತ್ತಾರೆ. ಹೆದರುವ ಪದಾರ್ಥಗಳನ್ನು ಒಂದೊಂದಾಗಿ ಮತ್ತೆ ತಿನ್ನಿಸುತ್ತಾರೆ. ನಿನಗೆ ಈಗ ಹೇಗನ್ನಿಸುತ್ತಿದೆ ಅಂತ ಪದೇ ಪದೇ ಕೇಳುತ್ತಾರೆ. ಪಥ್ಯದ ನಿಯಮಗಳನ್ನು ಬಿಡಿಸುವುದು, ವೈವಿಧ್ಯ ತರುವುದೇ ಗುಣವಾದ ಗುರುತು.

ಆಟಿಸಂ ಇರುವ ಹುಡುಗಿಗೆ ಇದರಲ್ಲಿ ಒಂದೊಂದೂ ಭಾರ. ಗುಂಪಿನ ಊಟವೇ ಅವಳ ಸಂಕಟದ ಮೂಲ. ಹೇಗನ್ನಿಸುತ್ತಿದೆ ಅನ್ನುವುದಕ್ಕೆ ಅವಳ ಹತ್ತಿರ ಪದವೇ ಇಲ್ಲ. ದಿನವೂ ಅದೇ ಇಡ್ಲಿ, ಅದೇ ತಟ್ಟೆ ಅನ್ನುವುದು ಅವಳಿಗೆ ಕಾಯಿಲೆಯಲ್ಲ, ನೆಮ್ಮದಿ. ಅದನ್ನೇ ಕಾಯಿಲೆ ಅಂತ ಕಿತ್ತುಕೊಂಡರೆ ಉಳಿದ ಊಟವೂ ನಿಲ್ಲುತ್ತದೆ. ಆಗ ಫೈಲಿನಲ್ಲಿ ‘ಸಹಕರಿಸುತ್ತಿಲ್ಲ’ ಅಂತ ಬರೆಯುತ್ತಾರೆ.

ಲಂಡನ್ನಿನ ಮಾಡ್ಸ್ಲಿ ಆಸ್ಪತ್ರೆಯ ವಲಯದಲ್ಲಿ ಚಾಂಟುರಿಯಾ ತಂಡ ‘ಪೀಸ್’ ಅನ್ನುವ ದಾರಿ ಹಾಕಿತು. ಊಟದ ಕೋಣೆಯ ಬಣ್ಣ, ಬೆಳಕು, ಸದ್ದು ತಗ್ಗಿಸಿದರು. ಸಪ್ಪೆಯಾದ, ದಿನವೂ ಒಂದೇ ಥರ ಇರುವ ಊಟದ ಪಟ್ಟಿಯೊಂದನ್ನು ಬೇರೆಯಾಗಿ ಇಟ್ಟರು. ಮಾತಿನಲ್ಲಿ ಹೇಳಲಾಗದವರಿಗೆ ಬರೆದು ತೋರಿಸುವ ಕಾರ್ಡು ಕೊಟ್ಟರು. ಆಟಿಸಂ ಇರುವವರು ಆಸ್ಪತ್ರೆಯಲ್ಲಿ ಇರಬೇಕಾದ ದಿನಗಳು ಕಡಿಮೆಯಾದವು ಅಂತ ತಂಡ ವರದಿ ಮಾಡಿದೆ. ಇದು ಒಂದೇ ಕಡೆಯ ಅನುಭವ, ಎರಡು ಗುಂಪು ಮಾಡಿ ಹೋಲಿಸಿದ ಪ್ರಯೋಗ ಅಲ್ಲ. ಆದರೂ ಬೆಳಕು ತಗ್ಗಿಸುವುದಕ್ಕೆ, ಇಡ್ಲಿಗೆ ಚಟ್ನಿ ಬೇರೆ ಬಟ್ಟಲಲ್ಲಿ ಕೊಡುವುದಕ್ಕೆ ಕೋಟಿ ರೂಪಾಯಿ ಬೇಕಿಲ್ಲ.

ವೈದ್ಯರಲ್ಲಿ ಒಂದು ಆತಂಕ ಇದೆ, ಅದನ್ನು ತಳ್ಳಿಹಾಕಬಾರದು. ಅನೊರೆಕ್ಸಿಯಾ ತುಂಬಾ ಜಾಣ ಕಾಯಿಲೆ. ‘ಮೊಸರಿನ ವಾಸನೆ ಆಗಲ್ಲ, ನನಗೆ ಆಟಿಸಂ’ ಅನ್ನುವುದನ್ನು ಅದು ನೆವ ಮಾಡಿಕೊಳ್ಳಬಹುದು. ಎಲ್ಲದಕ್ಕೂ ಹೂಂ ಅನ್ನುತ್ತಾ ಹೋದರೆ ತೂಕ ಇನ್ನೂ ಇಳಿಯುತ್ತದೆ. ಇದಕ್ಕೆ ಪರಿಹಾರ ಮತ್ತೆ ಆ ಹಳೆಯ ಪ್ರಶ್ನೆಯೇ: ಯಾವಾಗಿನಿಂದ? ನಾಲ್ಕು ವರ್ಷದಲ್ಲೂ ಮೊಸರಿನ ಬಟ್ಟಲು ಕಂಡರೆ ಓಡಿಹೋಗುತ್ತಿದ್ದ ಮಗುವಾದರೆ ಅದು ಒಂದು ವಿಷಯ. ಹೋದ ದೀಪಾವಳಿಯವರೆಗೂ ಮೊಸರನ್ನ ಕೇಳಿ ಹಾಕಿಸಿಕೊಳ್ಳುತ್ತಿದ್ದರೆ ಅದು ಬೇರೆಯೇ ವಿಷಯ.

ಯಾರ ಬಗ್ಗೆ ಸಂಶೋಧನೆ, ಯಾರನ್ನು ಕೇಳಿ?

ಈ ಕ್ಷೇತ್ರದಲ್ಲಿ ಇನ್ನೊಂದು ಜಗಳ ನಡೆಯುತ್ತಿದೆ. ಬ್ರಿಟನ್ನಿನಲ್ಲಿ 2021ರ ಆಗಸ್ಟ್‌ನಲ್ಲಿ ಆಟಿಸಂ ಇರುವ 10,000 ಜನರ ಡಿಎನ್‌ಎ ಸಂಗ್ರಹಿಸುವ ‘ಸ್ಪೆಕ್ಟ್ರಮ್ 10ಕೆ’ ಯೋಜನೆ ಶುರುವಾಯಿತು. ಕೆಲವೇ ವಾರಗಳಲ್ಲಿ ಅದನ್ನು ತಡೆಹಿಡಿಯಬೇಕಾಯಿತು. ಆಟಿಸಂ ಇರುವವರೇ ಎದುರು ನಿಂತರು: ನಮ್ಮ ಡಿಎನ್‌ಎ ಯಾತಕ್ಕೆ, ಮುಂದೆ ನಮ್ಮಂಥವರು ಹುಟ್ಟದ ಹಾಗೆ ಮಾಡುವುದಕ್ಕಾ? ಅದಾದ ಮೇಲೆ ಅಲ್ಲಿನ ಈಟಿಂಗ್ ಡಿಸಾರ್ಡರ್ ಸಂಶೋಧನೆಯಲ್ಲೂ, ಅನುಭವಿಸಿದವರನ್ನು ಪ್ರಶ್ನೆ ರೂಪಿಸುವಾಗಲೇ ಜೊತೆಗೆ ಕೂರಿಸಿಕೊಳ್ಳಬೇಕು ಅನ್ನುವ ಒತ್ತಾಯ ಬಲವಾಗಿದೆ. ಇದು ನ್ಯಾಯದ ಮಾತು ಮಾತ್ರ ಅಲ್ಲ, ವಿಜ್ಞಾನಕ್ಕೂ ಒಳ್ಳೆಯದು. ಸ್ಟೀಲ್ ತಟ್ಟೆಯ ಸದ್ದು ಊಟ ಕೆಡಿಸುತ್ತದೆ ಅಂತ ಪ್ರಶ್ನಾವಳಿ ಬರೆಯುವ ಪ್ರೊಫೆಸರ್‌ಗೆ ಹೊಳೆಯುವುದಿಲ್ಲ. ಅದನ್ನು ಅನುಭವಿಸಿದವರೇ ಹೇಳಬೇಕು.

ಬೆಂಗಳೂರಿಗೆ ಬಂದರೆ

ಮೇಲೆ ಹೇಳಿದ ಅಂಕಿಗಳು ಯಾವುವೂ ನಮ್ಮವಲ್ಲ. ಆದರೂ ಇಲ್ಲಿ ಸುಳಿವುಗಳಿವೆ. 1995ರಲ್ಲೇ ದೆಹಲಿಯ ಏಮ್ಸ್ ವೈದ್ಯರು ಊಟ ಬಿಟ್ಟು ತೂಕ ಇಳಿದ ಐವರು ಯುವತಿಯರ ಬಗ್ಗೆ ಬರೆದರು. ಪುಸ್ತಕದ ಅನೊರೆಕ್ಸಿಯಾದಲ್ಲಿ ಇರಬೇಕಾದ ದೇಹದ ಆಕಾರದ ಚಿಂತೆ ಅವರಲ್ಲಿ ಇರಲಿಲ್ಲ. ಅವರಿಗೆ ಆಟಿಸಂ ಇತ್ತು ಅಂತ ಇದರಿಂದ ಹೇಳಲಾಗುವುದಿಲ್ಲ. ಆದರೆ ‘ದಪ್ಪ ಆಗುವ ಭಯ ಇದೆಯಾ’ ಅನ್ನುವ ಒಂದೇ ಪ್ರಶ್ನೆ ಹಿಡಿದು ಹೊರಟರೆ ನಮ್ಮಲ್ಲಿ ಹಲವರು ಲೆಕ್ಕಕ್ಕೇ ಸಿಗುವುದಿಲ್ಲ ಅನ್ನುವುದು ಗೊತ್ತಾಗುತ್ತದೆ. 2012ರಲ್ಲಿ ಪ್ರಕಟವಾದ ಬೆಂಗಳೂರಿನ ಮನೋವೈದ್ಯರ ಸಮೀಕ್ಷೆಯಲ್ಲಿ, ಉತ್ತರ ಕೊಟ್ಟವರಲ್ಲಿ ಮೂರರಲ್ಲಿ ಎರಡು ಪಾಲು ವೈದ್ಯರು ತಾವು ಈಟಿಂಗ್ ಡಿಸಾರ್ಡರ್ ನೋಡಿದ್ದೇವೆ ಅಂದಿದ್ದರು. ಇದು ಪರದೇಶದ ಕಾಯಿಲೆ ಅನ್ನುವ ಮಾತಿಗೆ ಅಲ್ಲಿಗೇ ಉತ್ತರ ಸಿಕ್ಕಿದೆ.

ಆಟಿಸಂ ಕಡೆ ನಮ್ಮಲ್ಲಿ ಕಾನೂನು ಇದೆ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯ 21 ವರ್ಗಗಳಲ್ಲಿ ಆಟಿಸಂ ಸೇರಿದೆ. ಪ್ರಮಾಣಪತ್ರಕ್ಕೆ ಬಳಸುವ ಭಾರತೀಯ ಮಾಪಕ ಐಎಸ್‌ಎಎ. ಅದರಲ್ಲಿ 40 ಅಂಶಗಳಿವೆ, 70 ಅಂಕ ದಾಟಿದರೆ ಆಟಿಸಂ. ಕಣ್ಣಿಗೆ ಕಾಣುವ ನಡವಳಿಕೆಗೇ ಅಂಕ ಹಾಕುವ ಇಂಥ ಮಾಪಕದಲ್ಲಿ, ಚೆನ್ನಾಗಿ ಮಾತಾಡುವ, ಅಭಿನಯಿಸಲು ಕಲಿತ ಹುಡುಗಿ ಗೆರೆಯ ಈಚೆಗೇ ಉಳಿಯುವ ಸಂಭವ ಜಾಸ್ತಿ.

ಅದರ ಪರಿಣಾಮ ಹೀಗಿರುತ್ತದೆ. ಊಟ ಬಿಟ್ಟ ಹುಡುಗಿಯನ್ನು ಮೊದಲು ಹೊಟ್ಟೆಯ ಡಾಕ್ಟರ್ ಹತ್ತಿರ ಕರೆದೊಯ್ಯುತ್ತಾರೆ. ಮುಟ್ಟು ನಿಂತಾಗ ಲೇಡಿ ಡಾಕ್ಟರ್. ಆಮೇಲೆ ಡಯೆಟಿಷಿಯನ್. ಹೇಳಿಕೆ ಕೇಳಲು, ಹರಕೆ ಹೊರಲು ಹೋಗುವವರೂ ಇದ್ದಾರೆ. ಮನೋವೈದ್ಯರ ಸರದಿ ಕೊನೆಗೆ. ಅಷ್ಟರಲ್ಲಿ ಹಸಿವು ತನ್ನ ಕೆಲಸ ಮಾಡಿರುತ್ತದೆ, ಆಟಿಸಂ ಇತ್ತಾ ಇಲ್ವಾ ಅಂತ ಬಿಡಿಸುವುದು ಇನ್ನೂ ಕಷ್ಟ ಆಗಿರುತ್ತದೆ. ಆಟಿಸಂ ಥೆರಪಿ ಕೇಂದ್ರಕ್ಕೆ ಹೋಗುವ ಮಕ್ಕಳದು ಇನ್ನೊಂದು ತುದಿ. ಅಲ್ಲಿ ಊಟದ ತೊಂದರೆಯನ್ನು ‘ಆಟಿಸಂ ಅಲ್ವಾ, ಹಂಗೇ’ ಅಂತ ಬಿಟ್ಟುಬಿಡುವ ಅಪಾಯ ಇದೆ. ಒಂದು ಕಡೆ ಊಟ ಕಾಣುತ್ತದೆ ಆಟಿಸಂ ಕಾಣುವುದಿಲ್ಲ, ಇನ್ನೊಂದು ಕಡೆ ಆಟಿಸಂ ಕಾಣುತ್ತದೆ ಊಟ ಕಾಣುವುದಿಲ್ಲ. ಎರಡೂ ಕಡೆಯ ಫಾರಂನಲ್ಲಿ ಎರಡೆರಡು ಪ್ರಶ್ನೆ ಸೇರಿಸಿದರೂ ಸಾಕಷ್ಟು ಬದಲಾಗುತ್ತದೆ.

ಕೆಲವು ಸೂಚನೆ ಕಂಡರೆ ಆಟಿಸಂ ಚರ್ಚೆಗೆ ಕಾಯಬಾರದು. ತಲೆಸುತ್ತಿ ಬೀಳುವುದು, ಮುಟ್ಟು ನಿಲ್ಲುವುದು, ಬಿಸಿಲಲ್ಲೂ ಚಳಿ, ನಾಡಿ ತೀರಾ ನಿಧಾನವಾಗುವುದು, ವಾರಗಳಲ್ಲೇ ತೂಕ ಬಿದ್ದುಹೋಗುವುದು. ಅನೊರೆಕ್ಸಿಯಾ ಮಾನಸಿಕ ತೊಂದರೆಗಳಲ್ಲೇ ಅತಿ ಹೆಚ್ಚು ಜೀವ ತೆಗೆಯುವವುಗಳಲ್ಲಿ ಒಂದು. ಬಹಳ ದಿನ ಹಸಿದ ದೇಹಕ್ಕೆ ಮನೆಯಲ್ಲಿ ಒಮ್ಮೆಲೇ ಜಾಸ್ತಿ ತಿನ್ನಿಸುವುದೂ ಅಪಾಯ. ರಕ್ತದಲ್ಲಿ ಫಾಸ್ಫೇಟ್ ಕುಸಿದು ಹೃದಯಕ್ಕೆ ತೊಂದರೆಯಾಗಬಹುದು. ಆಸ್ಪತ್ರೆಯ ನಿಗಾದಲ್ಲೇ ಊಟ ಹೆಚ್ಚಿಸಬೇಕು. ನಿಮ್ಹಾನ್ಸ್‌ನಲ್ಲಿ ಮಕ್ಕಳ ಮತ್ತು ಹದಿಹರೆಯದವರ ಮನೋವೈದ್ಯಕೀಯ ವಿಭಾಗ ಇದೆ. ಎಲ್ಲಿಗೆ ಹೋಗಬೇಕು ಅಂತ ತೋಚದಿದ್ದರೆ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕನ್ನಡದಲ್ಲೇ ಮಾತಾಡಬಹುದು.

ತುರ್ತು ಇಲ್ಲದಿದ್ದರೆ ವೈದ್ಯರ ಹತ್ತಿರ ಹೋಗುವ ಮೊದಲು ಒಂದು ಹಳೆಯ ನೋಟ್‌ಬುಕ್ ತೆಗೆದು ಬರೆದುಕೊಳ್ಳಿ. ಹಾಲು ಬಿಡಿಸಿದಾಗ ಮೊದಲ ರಾಗಿ ಸರಿಯನ್ನು ಹೇಗೆ ತೆಗೆದುಕೊಂಡಳು? ಯಾವ ಪದಾರ್ಥ ಉಗುಳುತ್ತಿದ್ದಳು? ಮದುವೆ ಮನೆಯ ವಾಲಗಕ್ಕೆ ಕಿವಿ ಮುಚ್ಚಿಕೊಳ್ಳುತ್ತಿದ್ದಳಾ? ಒಬ್ಬಳೇ ಆಡುತ್ತಿದ್ದಳಾ? ಊಟ ಬದಲಾಗಿದ್ದು ಯಾವ ತಿಂಗಳಲ್ಲಿ, ಆಗ ಮನೆಯಲ್ಲಿ, ಶಾಲೆಯಲ್ಲಿ ಏನು ಬದಲಾಗಿತ್ತು? ಅಪ್ಪ-ಅಮ್ಮ ಇಬ್ಬರೂ ಕೆಲಸಕ್ಕೆ ಹೋಗುತ್ತಿದ್ದ ಆ ವರ್ಷಗಳಲ್ಲಿ ಮಗುವನ್ನು ಸೊಂಟದ ಮೇಲೆ ಕೂರಿಸಿಕೊಂಡು, ಚಂದಮಾಮನನ್ನು ತೋರಿಸಿ ತುತ್ತು ಹಾಕಿದವರು ಅಜ್ಜಿ. ‘ಹುಟ್ಟಿದಾಗಿಂದ ಇವಳ ನಾಲಿಗೆ ಹಿಂಗೇ ಕಣಮ್ಮ’ ಅಂತಲೋ, ‘ಅಯ್ಯೋ, ಇವಳು ಎಲ್ಲಾ ತಿಂತಿದ್ಲು’ ಅಂತಲೋ ಖಚಿತವಾಗಿ ಹೇಳಬಲ್ಲವರು ಅವರೇ. ಊರಲ್ಲಿದ್ದರೆ ಫೋನಿನಲ್ಲಾದರೂ ಅವರನ್ನು ವೈದ್ಯರ ಜೊತೆ ಮಾತಾಡಿಸಿ.